ಮಕ್ಕಳ ಪಾಡ್‌ಕಾಸ್ಟ್ ಮಾಡಿಸುವವರಿಗೆ: ಕ್ಯಾಂಪಸ್ ರೇಡಿಯೊ ಮೇಡಂ ಜೊತೆ ಪ್ರಶ್ನೋತ್ತರ

ರೇಡಿಯೊ ಮೇಡಂ: ಎಲ್ಲರಿಗೂ ನಮಸ್ಕಾರ. ನಾನು ಒಂದು ಕಾಲೇಜಿನ ಸಮುದಾಯ ರೇಡಿಯೊದಲ್ಲಿ, ಅಂದರೆ ಸುತ್ತಲಿನ ಊರಿಗಷ್ಟೇ ಕೇಳುವ ಚಿಕ್ಕ ಎಫ್‌ಎಂ ಸ್ಟೇಷನ್ನಿನಲ್ಲಿ, 14 ವರ್ಷದಿಂದ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದೇನೆ. ಶಾಲೆ ಮಕ್ಕಳಿಂದ ಪಾಡ್‌ಕಾಸ್ಟ್ ಮಾಡಿಸುವುದು ಹೇಗೆ ಅಂತ ಗುಂಪಿನಲ್ಲಿ ತುಂಬ ಜನ ಕೇಳಿದ್ದೀರಿ. ಇವತ್ತು ಸಂಜೆ 6ರಿಂದ ಇಲ್ಲೇ ಕೂತಿರುತ್ತೇನೆ. ಊರು ಬರೆಯಿರಿ, ಹೆಸರು ಬೇಡ. ಮಕ್ಕಳ ಹೆಸರಂತೂ ಬೇಡವೇ ಬೇಡ.

ತಿಪಟೂರು, ಪ್ರೌಢಶಾಲೆ ಶಿಕ್ಷಕ: ಮೇಡಂ, ಪಾಡ್‌ಕಾಸ್ಟಿಗೆ ಲೈಸೆನ್ಸ್ ಬೇಕಾ?

ರೇಡಿಯೊ ಮೇಡಂ: ಬೇಡ ಸರ್. ಇಂಟರ್ನೆಟ್ಟಿಗೆ ಹಾಕುವ ಪಾಡ್‌ಕಾಸ್ಟಿಗೆ ಪ್ರಸಾರದ ಲೈಸೆನ್ಸ್ ಇಲ್ಲ. ಎಫ್‌ಎಂಗೆ ಬೇಕು. ಆದರೆ ಅದೇ ಎಪಿಸೋಡನ್ನು ಹತ್ತಿರದ ಸಮುದಾಯ ರೇಡಿಯೊಗೂ ಕೊಡುವ ಆಸೆ ಇದ್ದರೆ ಮೊದಲ ದಿನದಿಂದಲೇ ನಮ್ಮ ನಿಯಮಕ್ಕೆ ಹೊಂದಿಸಿಕೊಳ್ಳಿ. ಆಕಾಶವಾಣಿಯ ಕಾರ್ಯಕ್ರಮ ಸಂಹಿತೆ ನಮಗೂ ಅನ್ವಯ. ನಾವೇ ಮಾಡಿದ ಸುದ್ದಿ, ರಾಜಕೀಯ ಹಾಕುವಂತಿಲ್ಲ. ಪ್ರಸಾರವಾದದ್ದನ್ನೆಲ್ಲ 3 ತಿಂಗಳು ಜೋಪಾನವಾಗಿ ಇಟ್ಟಿರಬೇಕು.

ಹಾವೇರಿ, ಪಿಯು ಉಪನ್ಯಾಸಕಿ: ನಮ್ಮ ಮಕ್ಕಳು ಊರಿನ ನೀರಿನ ತೊಂದರೆ ಬಗ್ಗೆ ಮಾಡುತ್ತೇವೆ ಅನ್ನುತ್ತಿದ್ದಾರೆ. ಎಂಟು ದಿನಕ್ಕೊಮ್ಮೆ ನೀರು ಬರುತ್ತೆ. ಇದು ಸುದ್ದಿ ಆಗಿಬಿಡುತ್ತಾ?

ರೇಡಿಯೊ ಮೇಡಂ: ಒಳ್ಳೆ ವಿಷಯ, ಬಿಡಬೇಡಿ. ನೀರು, ಕರೆಂಟು ಥರದ ನಾಗರಿಕ ಸೌಲಭ್ಯದ ಪ್ರಕಟಣೆ, ಹವಾಮಾನ, ಪರೀಕ್ಷೆ, ಫಲಿತಾಂಶ, ಕೆಲಸದ ಅವಕಾಶ, ಊರಿನ ಹಬ್ಬ ಜಾತ್ರೆ, ಇವನ್ನು ರೇಡಿಯೊದಲ್ಲಿ ಸುದ್ದಿ ಅಂತ ಲೆಕ್ಕ ಹಿಡಿಯುವುದಿಲ್ಲ. ನೀರು ಯಾವತ್ತು ಬರುತ್ತೆ, ಯಾರಿಗೆ ಫೋನ್ ಮಾಡಬೇಕು, ಕಾಯಿಸಿ ಕುಡಿಯಬೇಕಾ, ಇಷ್ಟನ್ನು ಧೈರ್ಯವಾಗಿ ಹೇಳಿ. "ಅಧ್ಯಕ್ಷರು ದುಡ್ಡು ತಿಂದರು" ಅಂತ ಹುಡುಗರ ಬಾಯಲ್ಲಿ ಹೇಳಿಸಬೇಡಿ. ಅದು ಎಫ್‌ಎಂಗೆ ಆಗುವುದಿಲ್ಲ. ಪಾಡ್‌ಕಾಸ್ಟಿನಲ್ಲಿ ಹಾಕಿದರೂ ಮಾನಹಾನಿ ಕಾನೂನು ತಪ್ಪುವುದಿಲ್ಲ.

ಇನ್ನೊಂದು ಮಾತು. ನೀರು ಬಿಡುವ ದಿನ ಬೆಳಿಗ್ಗೆಯೇ ಮಕ್ಕಳನ್ನು ನಲ್ಲಿ ಹತ್ತಿರ ನಿಲ್ಲಿಸಿ. ಖಾಲಿ ನಲ್ಲಿ ಮೊದಲು ಬುಸ್ ಅಂತ ಗಾಳಿ ಬಿಡುತ್ತೆ. ಆಮೇಲೆ ಕೊಡದ ತಳಕ್ಕೆ ನೀರು ಬೀಳುತ್ತೆ. ಕೊಡ ತುಂಬುತ್ತ ಹೋದಂತೆ ಶಬ್ದ ಸಣ್ಣಗಾಗಿ ಮೇಲೇರುತ್ತೆ. ಅದನ್ನು ಇಪ್ಪತ್ತು ಸೆಕೆಂಡ್ ಹಾಗೇ ಕೇಳಿಸಿ, ಮೇಲೆ ಮಾತು ಬೇಡ. ನಿಮ್ಮ ಊರಿನ ಹೆಂಗಸರು ಅಲ್ಲಿಗೇ ಕಿವಿ ಕೊಡುತ್ತಾರೆ.

ಕಡೂರು, ಶಿಕ್ಷಕ: ಸಿನಿಮಾ ಹಾಡು 30 ಸೆಕೆಂಡ್ ಒಳಗೆ ಹಾಕಿದರೆ ಪರವಾಗಿಲ್ಲ ಅಂತ ಫಾರ್ವರ್ಡ್ ಬಂದಿದೆ. ನಿಜಾನಾ?

ರೇಡಿಯೊ ಮೇಡಂ: ಸುಳ್ಳು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸೆಕೆಂಡಿನ ಲೆಕ್ಕ ಎಲ್ಲೂ ಇಲ್ಲ. ಒಂದು ಹಾಡಿನಲ್ಲಿ ಸಾಹಿತ್ಯದ ಹಕ್ಕು ಬೇರೆ, ರಾಗ ಹಾಕಿದವರದ್ದು ಬೇರೆ, ರೆಕಾರ್ಡಿಂಗ್‌ದು ಬೇರೆ. ಶಾಲೆ ವಾರ್ಷಿಕೋತ್ಸವದಲ್ಲಿ ಮಕ್ಕಳು, ಅಪ್ಪ ಅಮ್ಮಂದಿರ ಮುಂದೆ ಹಾಡಿಸಿದರೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಪಾಡ್‌ಕಾಸ್ಟ್ ಇಡೀ ಲೋಕಕ್ಕೆ ಹೋಗುತ್ತೆ, ಆ ವಿನಾಯಿತಿ ಅದಕ್ಕೆ ಸಿಗದು.

ಬರೆದವರು ತೀರಿಕೊಂಡು 60 ವರ್ಷ ಆದ ಮೇಲೆ ಸಾಹಿತ್ಯ ಎಲ್ಲರದ್ದು. ದಾಸರ ಪದ, ವಚನ, ಶಿಶುನಾಳ ಶರೀಫರ ಪದ ಮಕ್ಕಳಿಂದಲೇ ಹಾಡಿಸಿ. ಪಂಜೆ ಮಂಗೇಶರಾಯರು ತೀರಿಕೊಂಡಿದ್ದು 1937ರಲ್ಲಿ, ಅವರ ಮಕ್ಕಳ ಪದ್ಯ ಓದಿಸಿ. ಬೇಂದ್ರೆ 1981, ಕುವೆಂಪು 1994. ಇವರದ್ದಕ್ಕೆ ಅನುಮತಿ ಬೇಕು. ಮತ್ತೆ ದಾಸರ ಪದ ಮುಕ್ತ ಅಂತ ಯಾರೋ ಹಾಡಿದ ಸಿಡಿ ಎತ್ತಿ ಹಾಕಬೇಡಿ. ಪದ ದಾಸರದ್ದು, ರೆಕಾರ್ಡಿಂಗ್ ಕಂಪನಿಯದ್ದು.

ಗೋಕಾಕ: ಹಾಡಿನ ಪಿಚ್ (ಶ್ರುತಿ) ಸ್ವಲ್ಪ ಏರಿಸಿದರೆ ಕಾಪಿರೈಟ್ ಹಿಡಿಯೋದಿಲ್ಲ ಮೇಡಂ, ನಾನು ಮಾಡಿ ನೋಡೀನಿ.

ರೇಡಿಯೊ ಮೇಡಂ: ಮಷೀನು ಹಿಡಿಯದೇ ಇರಬಹುದು, ಹಕ್ಕು ಹಾಗೇ ಇರುತ್ತೆ. ನೀವು ಮೇಷ್ಟ್ರು. ಕಳ್ಳತನ ಸಿಕ್ಕಿಬೀಳದ ಹಾಗೆ ಮಾಡುವುದನ್ನು ಮಕ್ಕಳ ಎದುರು ತೋರಿಸಬೇಡಿ.

ಮದ್ದೂರು: ಸ್ಪಾನ್ಸರ್ ತಗೋಬಹುದಾ?

ರೇಡಿಯೊ ಮೇಡಂ: ಸಮುದಾಯ ರೇಡಿಯೊದಲ್ಲಿ ಜಾಹೀರಾತಿಗೆ ಗಂಟೆಗೆ 12 ನಿಮಿಷ, 2024ರಿಂದ. ಶಾಲೆ ಪಾಡ್‌ಕಾಸ್ಟಿಗೆ ನಿಮ್ಮ ಎಸ್‌ಡಿಎಂಸಿಯನ್ನು (ಶಾಲಾಭಿವೃದ್ಧಿ ಸಮಿತಿಯನ್ನು) ಕೇಳಿ.

ಮಂಡ್ಯ, ಎಲೆಕ್ಟ್ರಾನಿಕ್ಸ್ ಬೋಧಕ: ಪಾಡ್‌ಕಾಸ್ಟ್ ಎಲ್ಲ ಯಾಕೆ ಮೇಡಂ? ಆನ್‌ಲೈನಲ್ಲಿ ಎಫ್‌ಎಂ ಟ್ರಾನ್ಸ್‌ಮಿಟರ್ ಸಿಗುತ್ತೆ. 1 ವ್ಯಾಟ್ ಒಳಗೆ ಲೈಸೆನ್ಸ್ ಬೇಡವಂತೆ. ಶಾಲೆ ಮೇಲೆ ಆಂಟೆನಾ ಹಾಕಿದರೆ ಊರಿಗೆಲ್ಲ ಕೇಳುತ್ತೆ.

ರೇಡಿಯೊ ಮೇಡಂ: ಬೇಡ. ಇದು ಅಪರಾಧ.

ಮಂಡ್ಯ: ಗಾಳಿ ತರಂಗ ಜನರ ಆಸ್ತಿ ಅಂತ 1995ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಲಿಲ್ವಾ?

ಮೈಸೂರು, ನಿವೃತ್ತ ಶಿಕ್ಷಕರು: ಸ್ವಾಮಿ, ಅವರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರು. ಅದು ಸಂಸ್ಥಾನದ ಕಾಲ. ಅವರ ಹೆಸರು ಹೇಳಿಕೊಂಡು ಕದ್ದು ಪ್ರಸಾರ ಮಾಡಬೇಡಿ.

ಮಂಡ್ಯ: ಕದ್ದು ಅಂತ ಯಾರು ಹೇಳಿದರು? ಮಾತು ಸರಿಯಾಗಿ ಆಡಿ.

ರೇಡಿಯೊ ಮೇಡಂ: ಇಬ್ಬರೂ ನಿಲ್ಲಿಸಿ. ಜನರ ಆಸ್ತಿ ಅಂದ ಅದೇ ತೀರ್ಪು, ಜನರ ಪರವಾಗಿ ಅದನ್ನು ಒಂದು ಸಾರ್ವಜನಿಕ ಸಂಸ್ಥೆ ನೋಡಿಕೊಳ್ಳಬೇಕು ಅಂತಲೂ ಹೇಳಿದೆ. ಎಫ್‌ಎಂ 108 ಮೆಗಾಹರ್ಟ್ಸಿಗೆ ಮುಗಿಯುತ್ತೆ. ಅಲ್ಲಿಂದ ಮೇಲೆ ವಿಮಾನದವರ ತರಂಗ. ಅಗ್ಗದ ಟ್ರಾನ್ಸ್‌ಮಿಟರ್ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ, ಅಕ್ಕಪಕ್ಕಕ್ಕೂ ಸೋರುತ್ತೆ. ನಿಮಗೆ ನಿಜವಾಗಿ ಸ್ಟೇಷನ್ ಬೇಕಾದರೆ ದಾರಿ ಇದೆ. ವಿದ್ಯಾಸಂಸ್ಥೆಗಳಿಗೆ 2002ರಿಂದ, ಸ್ವಯಂಸೇವಾ ಸಂಸ್ಥೆಗಳಿಗೆ 2006ರಿಂದ ಸಮುದಾಯ ರೇಡಿಯೊ ತೆರೆದಿದೆ. ಮಾಮೂಲಾಗಿ 100 ವ್ಯಾಟ್ ಶಕ್ತಿ, 30 ಮೀಟರ್ ಕಂಬ. ಕಾಗದದ ಕೆಲಸ ಜಾಸ್ತಿ, ಆದರೂ ರಾಜ್ಯದಲ್ಲಿ ಎಷ್ಟೋ ಜನ ಮಾಡಿ ತೋರಿಸಿದ್ದಾರೆ.

ಬೆಂಗಳೂರು, ಖಾಸಗಿ ಶಾಲೆ: ಮಕ್ಕಳು ಯಾವ ಕನ್ನಡ ಮಾತಾಡಬೇಕು ಮೇಡಂ? ರೇಡಿಯೊ ಅಂದಮೇಲೆ ಶುದ್ಧ ಕನ್ನಡ ಇರಬೇಕು ಅಲ್ವಾ?

ಧಾರವಾಡ: ಶುದ್ಧ ಅಂದ್ರ ಯಾವುದ್ರೀ? ನಿಮ್ಮದು ಶುದ್ಧ, ನಮ್ಮದು ಹೊಲಸೇನು?

ಬೆಂಗಳೂರು: ಹಾಗೆ ಹೇಳಲಿಲ್ಲ. ಎಲ್ಲರಿಗೂ ಅರ್ಥ ಆಗಬೇಕು ಅಂದೆ.

ಧಾರವಾಡ: ನಮಗ ನಿಮ್ಮ ಮಾತು ತಿಳೀತದ, ನಿಮಗ ನಮ್ಮದು ಯಾಕ ತಿಳಿಯಂಗಿಲ್ಲ?

ಪುತ್ತೂರು: ನಮ್ಮ ಮಕ್ಕಳು ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನಾವು ಏನು ಮಾಡುವುದು?

ರೇಡಿಯೊ ಮೇಡಂ: ಯಾರು ಕೇಳುತ್ತಾರೆ ಅಂತ ಮೊದಲು ಹೇಳಿ, ಭಾಷೆ ಆಮೇಲೆ ಹೇಳುತ್ತೇನೆ. ಇಲ್ಲಿವರೆಗೆ ಒಬ್ಬರೂ ಕೇಳುಗರ ಬಗ್ಗೆ ಕೇಳಿಲ್ಲ. ಮಂಗಳೂರಿನ ರೇಡಿಯೊ ಸಾರಂಗ್ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿಯಲ್ಲೂ ಮಾತಾಡುತ್ತೆ. ಅಲ್ಲಿ ಕೇಳುವವರು ಮಾತಾಡುವುದೇ ಹಾಗೆ.

ಮಕ್ಕಳನ್ನು ಒಂದು ವಾರ ಊರಲ್ಲಿ ಓಡಾಡಿಸಿ. ಅಮ್ಮಂದಿರು ಫೋನ್ ಕೈಗೆ ತಗೊಳ್ಳುವುದು ಎಷ್ಟು ಹೊತ್ತಿಗೆ? ಅದು ಮನೆಗೆಲ್ಲ ಒಂದೇ ಫೋನಾ? ಡೇಟಾ ಪ್ಯಾಕ್ ಎಷ್ಟರದ್ದು? ನಮ್ಮ ಹುಡುಗರು ಹೀಗೆ ಕೇಳಿಕೊಂಡು ಬಂದಾಗ ಒಂದು ವಿಷಯ ಗೊತ್ತಾಯಿತು. ಬೀಡಿ ಕಟ್ಟುವ ಹೆಂಗಸರು ಫೋನನ್ನು ಸ್ಟೀಲ್ ಲೋಟದಲ್ಲಿ ನಿಲ್ಲಿಸಿ ನಾಲ್ಕು ಜನ ಒಟ್ಟಿಗೆ ಕೇಳುತ್ತಿದ್ದರು. ಲೋಟದಲ್ಲಿ ದನಿ ಗಣಗಣ ಅನ್ನುತ್ತೆ, ಹಿಂದೆ ಸಂಗೀತ ಇದ್ದರೆ ಮಾತು ಕೇಳುವುದೇ ಇಲ್ಲ. ಅವತ್ತೇ ಮಾತಿನ ಕೆಳಗೆ ಸಂಗೀತ ಹಾಕುವುದನ್ನು ಬಿಟ್ಟೆವು. ಫೈಲನ್ನೂ ಚಿಕ್ಕದು ಮಾಡಿದೆವು. ಬರೀ ಮಾತಾದರೆ ಮೋನೊ (ಒಂದೇ ಚಾನೆಲ್), 64 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಲೆಕ್ಕ) ಸಾಕು. 20 ನಿಮಿಷಕ್ಕೆ 10 ಎಂಬಿ ಒಳಗೆ ಬರುತ್ತೆ. 320ರಲ್ಲಿ ಇಟ್ಟರೆ ಅದೇ 48 ಎಂಬಿ.

ಧಾರವಾಡದವರು ಧಾರವಾಡದ ಮಾತಲ್ಲೇ ಮಾಡಿ. ಪುತ್ತೂರಿನವರು ಅಜ್ಜಿಯ ಹತ್ತಿರ ತುಳುವಿನಲ್ಲೇ ಮಾತಾಡಿಸಿ, ಮಗು ಕನ್ನಡದಲ್ಲಿ ಎರಡು ಸಾಲು ಹೇಳಲಿ.

ಬೆಂಗಳೂರು: ಹಾಗಾದರೆ ವ್ಯಾಕರಣ ಕಲಿಸುವುದೇ ಬೇಡ ಅನ್ನಿ.

ಧಾರವಾಡ: ಮತ್ತ ಶುರು ಮಾಡಿದ್ರು ನೋಡ್ರಿ.

ಗ್ರಾಮೀಣ ಶಾಲೆ ಶಿಕ್ಷಕಿ: ಮೇಡಂ, ಊರು ಬರೆಯುವುದಿಲ್ಲ. ನನ್ನ 9ನೇ ತರಗತಿಯ ಒಬ್ಬಳು ಹುಡುಗಿ ತನಗೆ ಪರಿಚಯದ ಒಬ್ಬರಿಂದ ಆದ ಕೆಟ್ಟ ಅನುಭವವನ್ನು ತಾನಾಗಿಯೇ ಹೇಳಿ ರೆಕಾರ್ಡ್ ಮಾಡಿದ್ದಾಳೆ. ಹೆಸರು ಎಲ್ಲೂ ಇಲ್ಲ, ದನಿಯನ್ನೂ ಆ್ಯಪಲ್ಲಿ ಬದಲಿಸಿದ್ದೇವೆ. ಒಳ್ಳೆ ಜಾಗೃತಿ ಆಗುತ್ತೆ ಅಂತ ಎಲ್ಲರೂ ಅಂದರು. ಭಾನುವಾರ ಹಾಕಬೇಕು. ಹಿಂದೆ ಯಾವ ಥರದ ಸಂಗೀತ ಇಡಲಿ?

ರೇಡಿಯೊ ಮೇಡಂ: ಸಂಗೀತದ ಮಾತು ಬಿಡಿ. ಇದನ್ನು ಹಾಕಬೇಡಿ. ಭಾನುವಾರವೂ ಬೇಡ, ಮುಂದೆಯೂ ಬೇಡ. ಉಳಿದವರು ದಯವಿಟ್ಟು ಸ್ವಲ್ಪ ಹೊತ್ತು ಸುಮ್ನೆ ಇರಿ, ಇವರಿಗೆ ಪೂರ್ತಿ ಬರೆಯುತ್ತೇನೆ.

ನಿಮ್ಮ ಮೇಲೆ ಸಿಟ್ಟಿಲ್ಲ ತಾಯಿ. ಆ ಮಗು ನಿಮ್ಮನ್ನು ನಂಬಿ ಬಾಯಿ ಬಿಟ್ಟಿದೆ, ಅದು ದೊಡ್ಡದು. ಈಗ ಆ ನಂಬಿಕೆ ಉಳಿಯಬೇಕು.

ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ನೋಡಿ. ಮಗುವಿನ ಹೆಸರು ಮಾತ್ರ ಅಲ್ಲ, ವಿಳಾಸ, ಮನೆಯವರ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವ ಯಾವುದೂ ಹೊರಗೆ ಬರಬಾರದು. ಮಗುವಿನ ಹಿತಕ್ಕೆ ಅಂತ ವಿಶೇಷ ನ್ಯಾಯಾಲಯ ಕಾರಣ ಬರೆದು ಅನುಮತಿ ಕೊಟ್ಟರೆ ಮಾತ್ರ ಬೇರೆ. ನಿಮ್ಮ ಎಪಿಸೋಡ್ ಶುರುವಾಗುವುದೇ ಶಾಲೆಯ ಹೆಸರಿನಿಂದ ಅಲ್ವಾ? ಒಂದು ತರಗತಿಯಲ್ಲಿ ಎಷ್ಟು ಹೆಣ್ಣುಮಕ್ಕಳು ಇರುತ್ತಾರೆ? ಊರಿನವರಿಗೆ ಅರ್ಧ ನಿಮಿಷ ಸಾಕು. ಆ ಮನುಷ್ಯನಿಗೆ ಅದೂ ಬೇಡ.

ದನಿ ಬದಲಿಸಿದ್ದು ಏನೂ ಕಾಪಾಡುವುದಿಲ್ಲ. ಪಿಚ್ ಇಳಿಸಿದ್ದನ್ನು ಯಾರು ಬೇಕಾದರೂ ವಾಪಸ್ ಏರಿಸಬಹುದು. ಮತ್ತೆ ಮಾತಿನ ಚಾಳಿ ಎಲ್ಲಿ ಹೋಗುತ್ತೆ? ಎಲ್ಲಿ ಉಸಿರು ತಗೊಳ್ಳುತ್ತಾಳೆ, ಯಾವ ಪದ ಎರಡು ಸಲ ಹೇಳುತ್ತಾಳೆ, ಹೆತ್ತವರಿಗೂ ಗೆಳತಿಯರಿಗೂ ತಕ್ಷಣ ಗೊತ್ತಾಗುತ್ತೆ.

ಇದಕ್ಕಿಂತ ಮುಖ್ಯ, 19ನೇ ಸೆಕ್ಷನ್. ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೇ ಇರುವುದೇ ಅಪರಾಧ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ತಿಳಿಸದಿದ್ದರೆ ಶಿಕ್ಷೆ ಇನ್ನೂ ಜಾಸ್ತಿ. ಈಗಲೇ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ. ಪೊಲೀಸರು, ಮಕ್ಕಳ ಕಲ್ಯಾಣ ಸಮಿತಿ, ಮುಂದೇನು ಅಂತ ಅವರು ಹೇಳುತ್ತಾರೆ. ರೆಕಾರ್ಡಿಂಗ್ ಅಳಿಸಬೇಡಿ, ಯಾರಿಗೂ ಕಳಿಸಬೇಡಿ. ಎಡಿಟ್ ಮಾಡಿದ ಹುಡುಗರ ಫೋನಿನಲ್ಲಿ ಇದೆಯಾ ನೋಡಿ. ಮಗುವನ್ನು ಕೂರಿಸಿಕೊಂಡು ಮತ್ತೆ ಮತ್ತೆ ಏನಾಯಿತು ಅಂತ ಕೇಳಬೇಡಿ. ಅವಳು ಈಗ ಯಾರ ಮನೆಯಲ್ಲಿ ಇದ್ದಾಳೆ, ಆ ಮನುಷ್ಯ ಅಲ್ಲಿಗೆ ಬಂದುಹೋಗುತ್ತಾನಾ, ಅಷ್ಟು ಮೊದಲು ಯೋಚನೆ ಮಾಡಿ.

ಗೋಕಾಕ: ಮೇಡಂ, ಎಐ ದನಿ ಆ್ಯಪ್ ಇದೆ. ದನಿ ಪೂರ್ತಿ ಬೇರೆ ಮಾಡುತ್ತೆ. ಲಿಂಕ್ ಹಾಕಲಾ?

ರೇಡಿಯೊ ಮೇಡಂ: ಹಾಕಬೇಡಿ. ನಾನು ಏನು ಬರೆದೆ ಅಂತ ಓದಿದ್ರಾ?

ರಾಮನಗರ: ಬೇಜಾರು ಮಾಡ್ಕೋಬೇಡಿ ಮೇಡಂ. ಹೀಗೆ ಕಾನೂನು ಹೇಳಿ ಹೆದರಿಸಿದರೆ ಮಕ್ಕಳು ಬಾಯಿ ಬಿಡುವುದು ಯಾವಾಗ? ಎಲ್ಲ ಮುಚ್ಚಿಡಿ ಅಂದಂತೆ ಆಯಿತಲ್ಲ.

ರೇಡಿಯೊ ಮೇಡಂ: ಬೇಜಾರಾಗಿದೆ ಸರ್. ಪೊಲೀಸರಿಗೆ ಹೇಳಿ ಅನ್ನುವುದು ಮುಚ್ಚಿಡುವುದಾ? ವಿಷಯದ ಬಗ್ಗೆ ಎಪಿಸೋಡ್ ಮಾಡಿ, ಬೇಡ ಅಂದವರು ಯಾರು? ಒಬ್ಬ ಆಪ್ತಸಮಾಲೋಚಕರನ್ನು ಕರೆಸಿ, 1098 ಬಗ್ಗೆ ಹೇಳಿಸಿ. ಆದರೆ ಅದು ಈ ಹುಡುಗಿಯ ಕಥೆ ಆಗಬಾರದು. ಹದಿನಾಲ್ಕು ವರ್ಷದ ಮಗು ಇವತ್ತು ಒಪ್ಪಿಕೊಂಡಿತು ಅಂತ ಹಾಕಿಬಿಟ್ಟರೆ, ಇಪ್ಪತ್ತಕ್ಕೆ ಬೇಡ ಅಂದರೆ ಯಾರ ಫೋನಿನಿಂದ ಅಳಿಸುತ್ತೀರಿ?

ರಾಮನಗರ: ನಿಮ್ಮ ಧ್ವನಿ ಸರಿ ಇಲ್ಲ ಮೇಡಂ.

ಧಾರವಾಡ: ಅವರು ಹೇಳೋದು ಬರೋಬ್ಬರಿ ಅದ. ನೀವು ಸುಮ್ನಿರ್ರಿ.

ಕೊಪ್ಪ: ಯಾವ ಮೈಕ್ ಕೊಳ್ಳಬೇಕು?

ರೇಡಿಯೊ ಮೇಡಂ: ಈಗಲೇ ಬೇಡ. ಫೋನ್ ಸಾಕು. ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ನಿಲ್ಲಿಸಿ, ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ಇಲ್ಲದಿದ್ದರೆ ಪ, ಬ ಹೇಳಿದಾಗಲೆಲ್ಲ ಗಾಳಿ ಬಡಿಯುತ್ತೆ. ಗೋಡೆಗೆ ಎರಡು ಕಂಬಳಿ.

ಶಿರಾ: 30 ಸೆಕೆಂಡ್ ಹಾಡು ಹಾಕಬಹುದಾ ಮೇಡಂ?

ರೇಡಿಯೊ ಮೇಡಂ: ಮೇಲೆ ಓದಿ.

ಬೇಲೂರು: ಎಡಿಟಿಂಗಿಗೆ ಯಾವ ಸಾಫ್ಟ್‌ವೇರ್?

ರೇಡಿಯೊ ಮೇಡಂ: ಅಡಾಸಿಟಿ. ಪುಕ್ಕಟೆ.

ಸಿಂಧನೂರು: ವ್ಯೂಸ್ ಜಾಸ್ತಿ ಬರೋದು ಹೇಗೆ?

ಕಡೂರು: ಹಾಡು 10 ಸೆಕೆಂಡ್ ಆದರೆ?

ರೇಡಿಯೊ ಮೇಡಂ: ಇಲ್ಲ.

ಮಂಡ್ಯ: ನನ್ನ ಟ್ರಾನ್ಸ್‌ಮಿಟರ್ ಪ್ರಶ್ನೆಗೆ ಇನ್ನೂ ಸರಿಯಾದ ಉತ್ತರ ಬಂದಿಲ್ಲ.

ಮೈಸೂರು, ನಿವೃತ್ತ ಶಿಕ್ಷಕರು: ಬಂದಿದೆ. ನಿಮಗೆ ಬೇಕಾದ ಉತ್ತರ ಬಂದಿಲ್ಲ, ಅಷ್ಟೇ.

ರೇಡಿಯೊ ಮೇಡಂ: 9ನೇ ತರಗತಿ ಹುಡುಗಿಯ ಟೀಚರ್, ಇದ್ದೀರಾ? ಫೋನ್ ಮಾಡಿದ್ರಾ?

ಸಿಂಧನೂರು: ಮೇಡಂ, ವ್ಯೂಸ್ ಬಗ್ಗೆ ಕೇಳಿದ್ದೆ.

ರೇಡಿಯೊ ಮೇಡಂ: ಟೀಚರ್, ಒಂದು ಸಾಲು ಬರೆಯಿರಿ ಸಾಕು. ನನ್ನ ನಂಬರ್ ನಿಮಗೆ ಬೇರೆಯಾಗಿ ಕಳಿಸಿದ್ದೇನೆ.

ಗ್ರಾಮೀಣ ಶಾಲೆ ಶಿಕ್ಷಕಿ: ಮಾಡಿದೆ ಮೇಡಂ. ಬೆಳಿಗ್ಗೆ ಬರುತ್ತೇವೆ ಅಂದಿದ್ದಾರೆ. ಹುಡುಗಿ ಇವತ್ತು ಅವಳ ಚಿಕ್ಕಮ್ಮನ ಮನೆಯಲ್ಲಿ ಇದ್ದಾಳೆ. ಎಡಿಟ್ ಮಾಡಿದ ಇಬ್ಬರು ಹುಡುಗರ ಮನೆಗೆ ಈಗ ಹೊರಟಿದ್ದೇನೆ.

ರೇಡಿಯೊ ಮೇಡಂ: ಒಬ್ಬರೇ ಹೋಗಬೇಡಿ. ಫೋನ್ ಚಾರ್ಜ್ ಇದೆಯಾ ನೋಡಿಕೊಳ್ಳಿ. ವಾಪಸ್ ಬಂದ ಮೇಲೆ ಎಷ್ಟು ಹೊತ್ತಾದರೂ ನನಗೆ ಮಾಡಿ, ಎದ್ದಿರುತ್ತೇನೆ.