ಸಿಪಿಯು ಬಿಸಿ ಮತ್ತು ಫ್ಯಾನ್ ಸದ್ದು, ಎರಡನ್ನೂ ಇಳಿಸುವುದು ಹೇಗೆ?

ಬಿಸಿಲೂರಿನವ:
ಊರು ಕಲಬುರಗಿ. ರೂಮಿನಲ್ಲಿ ಎಸಿ ಇಲ್ಲ, ಮಧ್ಯಾಹ್ನ ಒಳಗೇ 38 ಡಿಗ್ರಿ. ಸಿಪಿಯು ರೈಜನ್ 5 5600, ಬಾಕ್ಸ್‌ನಲ್ಲೇ ಬಂದ ಕೂಲರ್, 7200 ಆರ್‌ಪಿಎಂ ಹಾರ್ಡ್ ಡಿಸ್ಕ್. ಕ್ಯಾಬಿನೆಟ್‌ನ ಮುಂಭಾಗ ಪೂರ್ತಿ ಗಾಜು, ಅದರ ಹಿಂದೆ 120 ಮಿ.ಮೀ.ನ ಮೂರು ಫ್ಯಾನ್, ಹಿಂಬದಿಗೆ ಒಂದು. ವಿಡಿಯೊ ರೆಂಡರ್‌ಗೆ ಹಾಕಿದರೆ ಸಿಪಿಯು 88ಕ್ಕೆ ಹೋಗುತ್ತದೆ. ಬ್ರೌಸರ್ ತೆರೆದರೂ ಫ್ಯಾನ್ ಗುಯ್ಯೆಂದು ಏರಿ ಮತ್ತೆ ಇಳಿಯುತ್ತದೆ. ಇದೇ ಟೇಬಲ್‌ನಲ್ಲಿ ವಾಯ್ಸ್ ರೆಕಾರ್ಡಿಂಗ್ ಬೇರೆ ಆಗಬೇಕು. ವಾಟರ್ ಕೂಲರ್ ಹಾಕಿಸಲೇ?

ತಾಮ್ರದ ಕೊಳವೆ:
ಬೇಡ ಸರ್. ಈ ಚಿಪ್ ಮೈಮುರಿದು ದುಡಿದರೂ ಎಳೆಯುವುದು 76 ವ್ಯಾಟ್. ಅಷ್ಟಕ್ಕೆ 120 ಮಿ.ಮೀ. ಫ್ಯಾನ್ ಇರುವ ಸಾಧಾರಣ ಟವರ್ ಕೂಲರ್ (ಗೋಪುರದಂತೆ ಎದ್ದು ನಿಲ್ಲುವಂಥದ್ದು) ಧಾರಾಳ. ವಾಟರ್ ಕೂಲರ್ ಹಾಕಿದರೆ ಪಂಪಿನ ಸದ್ದು ಹೊಸದಾಗಿ ಸೇರುತ್ತದೆ, ಅದರ ರೇಡಿಯೇಟರೂ ಅದೇ ಗಾಜಿನ ಹಿಂದೆ ಗಾಳಿಗೆ ಒದ್ದಾಡುತ್ತದೆ.

ಯಾವ ಕೂಲರ್ ಆದರೂ ರೂಮಿನ ಬಿಸಿಗಿಂತ ಕೆಳಗೆ ತರಲಾರದು. ಹಾಗಾಗಿ 88 ಅಂತ ನೋಡಬೇಡಿ, 38ರ ಮೇಲೆ ಎಷ್ಟು ಅಂತ ಲೆಕ್ಕ ಹಾಕಿ: 50. ಅದನ್ನು 40ರ ಸುತ್ತಮುತ್ತ ತಂದರೆ ಸಾಕು. 78 ಡಿಗ್ರಿ ಈ ಚಿಪ್‌ಗೆ ತೊಂದರೆಯೇ ಅಲ್ಲ, ಅದರ ಮಿತಿ 90.

ದುಡ್ಡು ಹಾಕುವ ಮೊದಲು ಮುಂದಿನ ಗಾಜು ಬಿಚ್ಚಿಟ್ಟು ಅದೇ ರೆಂಡರ್ ಅನ್ನು 15 ನಿಮಿಷ ಓಡಿಸಿ. 5 ಡಿಗ್ರಿಗಿಂತ ಹೆಚ್ಚು ಇಳಿದರೆ ಉಸಿರು ಕಟ್ಟಿಸುತ್ತಿರುವುದು ಗಾಜೇ. ಆಮೇಲೆ ಸದ್ದು ಯಾವುದರದ್ದು ಅಂತ ಹುಡುಕಿ: ನಡುವೆ ಸ್ಟಿಕ್ಕರ್ ಇರುವ ಗುಂಡು ಭಾಗದ ಮೇಲೆ ಬೆರಳಿಟ್ಟು ಒಂದೊಂದೇ ಕ್ಯಾಬಿನೆಟ್ ಫ್ಯಾನನ್ನು ಎರಡು ಸೆಕೆಂಡು ನಿಲ್ಲಿಸಿ, ಕಿವಿಗೊಟ್ಟು ಕೇಳಿ. ರೆಕ್ಕೆ ಮುಟ್ಟಬೇಡಿ.

ನಿಧಾನಗಾಳಿ:
ಏರಿಳಿತ ನಿಲ್ಲಿಸಲು ದುಡ್ಡೇ ಬೇಡ. ಬ್ರೌಸರ್ ತೆರೆದ ಕ್ಷಣ ಚಿಪ್ 10–15 ಡಿಗ್ರಿ ಜಿಗಿಯುತ್ತದೆ, ಹೀಟ್‌ಸಿಂಕ್ (ಅದರ ಬಿಸಿ ಹೀರುವ ಲೋಹದ ಭಾಗ) ಮಾತ್ರ ಇನ್ನೂ ಬಿಸಿಯಾಗಿರುವುದಿಲ್ಲ. ಫ್ಯಾನ್ ಆ ಜಿಗಿತದ ಹಿಂದೆ ಸುಮ್ಮನೆ ಓಡುತ್ತಿದೆ. ಬಯೋಸ್‌ನ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ಸ್) ಫ್ಯಾನ್ ಪುಟದಲ್ಲಿ 'ಸ್ಟೆಪ್ ಅಪ್' ಅಥವಾ ಅಂಥದೇ ಹೆಸರಿನ ವಿಳಂಬ ಇರುತ್ತದೆ, ಅದನ್ನು ಗರಿಷ್ಠಕ್ಕೆ ಇಡಿ. ಕರ್ವ್, ಅಂದರೆ ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಅನ್ನುವ ಗೆರೆ, ಹೀಗಿರಲಿ: 65 ಡಿಗ್ರಿವರೆಗೆ ನೇರ ಗೆರೆ, 40%, 75ಕ್ಕೆ 60%, 85ಕ್ಕೆ 100%. ನಿಮ್ಮ ಊರಿನ ಸೆಕೆಗೆ ನೇರ ಗೆರೆ 50ಕ್ಕೇ ಮುಗಿದರೆ ಪ್ರಯೋಜನವಿಲ್ಲ.

ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿ ಅರ್ಧವಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬಲ್ ಇಳಿಯುತ್ತದೆ. ಅಂಥದೇ ಇನ್ನೊಂದು ಫ್ಯಾನ್ ಸೇರಿಸಿದರೆ ಹೆಚ್ಚುವುದು ಬರೀ 3. ಅದಕ್ಕೇ ಜೋರಾಗಿ ತಿರುಗುವ ಒಂದಕ್ಕಿಂತ ಮೆಲ್ಲಗೆ ತಿರುಗುವ ಮೂರು ಎಷ್ಟೋ ಮೇಲು. ನಿಮ್ಮ ಕ್ಯಾಬಿನೆಟ್ ಫ್ಯಾನ್‌ಗಳು ಮೂರು ಪಿನ್‌ನವಾದರೆ ಅವನ್ನು ಸಿಕ್ಕಿಸಿದ ಬೋರ್ಡಿನ ಹೆಡರ್ 'ಡಿಸಿ' ಮೋಡ್‌ನಲ್ಲಿರಲಿ (ವೋಲ್ಟೇಜ್ ಬದಲಿಸಿ ವೇಗ ಹಿಡಿಯುವ ಬಗೆ). ನಾಲ್ಕನೇ ಪಿನ್‌ನ ಸಂಕೇತದಿಂದ ವೇಗ ಹಿಡಿಯುವ 'ಪಿಡಬ್ಲ್ಯೂಎಂ'ನಲ್ಲಿ ಬಿಟ್ಟರೆ ಕರ್ವ್ ಏನೇ ಇರಲಿ, ಸದಾ ಪೂರ್ತಿ ವೇಗದಲ್ಲೇ ತಿರುಗುತ್ತವೆ.

ಬಯೋಸ್‌ನಲ್ಲೇ ಪಿಪಿಟಿ (ಸಿಪಿಯು ಎಳೆಯಬಹುದಾದ ವಿದ್ಯುತ್) ಮಿತಿಯನ್ನು 76ರಿಂದ 60 ವ್ಯಾಟ್‌ಗೆ ಇಳಿಸಿ ನೋಡಿ, ರೆಂಡರ್ ಸ್ವಲ್ಪವೇ ನಿಧಾನವಾಗುತ್ತದೆ. ಸಿಪಿಯುಗೆ ಕೊಡುವ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್ ಅನ್ನು ಮೈನಸ್ 15ರಿಂದ ಶುರುಮಾಡಿ. ಅತಿಯಾದರೆ ಲೋಡ್ ಇದ್ದಾಗ ಏನೂ ಆಗದೆ, ಸುಮ್ಮನಿದ್ದಾಗ ರೀಸ್ಟಾರ್ಟ್ ಆಗಬಹುದು. ಅದನ್ನು ಪವರ್ ಸಪ್ಲೈ ತಪ್ಪು ಅಂದುಕೊಳ್ಳುವವರು ಬಹಳ.

ಬಿಸಿಲೂರಿನವ:
ಗಾಜು ತೆಗೆದಾಗ 88 ಇದ್ದದ್ದು 80ಕ್ಕೆ ಬಂತು! ಏರಿಳಿತವೂ ನಿಂತಿದೆ. ಟವರ್ ಕೂಲರ್ ತರಿಸುತ್ತಿದ್ದೇನೆ, ನಾನೇ ಕೂರಿಸಬಹುದಾ? ಈಗ ಸಣ್ಣಗೆ 'ಹೂಂ' ಅನ್ನುವ ಒಂದು ಸದ್ದು ಮಾತ್ರ ಉಳಿದಿದೆ, ಟೇಬಲ್ ಮೇಲೆ ಕೈ ಇಟ್ಟರೂ ಗೊತ್ತಾಗುತ್ತದೆ.

ತಾಮ್ರದ ಕೊಳವೆ:
ಖಂಡಿತ ಕೂರಿಸಬಹುದು. ಮೊದಲು ಕೂಲರ್‌ನ ಎತ್ತರ ಕ್ಯಾಬಿನೆಟ್‌ಗೆ ಹಿಡಿಯುತ್ತದಾ ನೋಡಿ, 120 ಮಿ.ಮೀ. ಟವರ್‌ಗಳು ಸಾಮಾನ್ಯವಾಗಿ 155 ಮಿ.ಮೀ. ಆಸುಪಾಸು ಇರುತ್ತವೆ.

ಹಳೆಯದನ್ನು ಬಿಚ್ಚುವಾಗ ಹುಷಾರು. ನಿಮ್ಮ ಸಿಪಿಯು ಕೂರುವ ಎಎಂ4 ಸಾಕೆಟ್‌ನಲ್ಲಿ ಪಿನ್ ಇರುವುದು ಸಿಪಿಯುಗೇ. ಸಿಪಿಯುನಿಂದ ಕೂಲರ್‌ಗೆ ಬಿಸಿ ದಾಟಿಸುವ ಪೇಸ್ಟ್ ಒಣಗಿ ಅಂಟಿಕೊಂಡಿದ್ದರೆ ನೇರ ಎಳೆದಾಗ ಲಾಕ್ ಹಾಕಿದ್ದರೂ ಸಿಪಿಯು ಸಾಕೆಟ್‌ನಿಂದ ಕಿತ್ತುಬರುತ್ತದೆ, ಪಿನ್ ಬಾಗುತ್ತದೆ. ಹತ್ತು ನಿಮಿಷ ಲೋಡ್ ಹಾಕಿ ಪೇಸ್ಟ್ ಮೆತ್ತಗಾಗಲು ಬಿಡಿ, ಆಫ್ ಮಾಡಿ ಪ್ಲಗ್ ಕಿತ್ತು ನಾಲ್ಕು ಸ್ಕ್ರೂ ತೆಗೆಯಿರಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ, ಸಡಿಲವಾದ ಮೇಲೆ ಎತ್ತಿ. ಸ್ಕ್ರೂ ಬಿಚ್ಚಿದೊಡನೆ ಬೋರ್ಡ್ ಹಿಂದಿನ ಲೋಹದ ಪ್ಲೇಟ್ ಕಳಚಿ ಬೀಳುತ್ತದೆ, ಒಂದು ಕೈ ಅಲ್ಲಿರಲಿ. ಕೊಕ್ಕೆ ಹಾಕುವ ಮಾದರಿಯ ಕೂಲರ್ ಆದರೆ ಬೋರ್ಡ್ ಜೊತೆ ಬಂದಿದ್ದ ಎರಡು ಪ್ಲಾಸ್ಟಿಕ್ ಬ್ರಾಕೆಟ್ ಮತ್ತೆ ಬೇಕು. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕೀಳುವುದನ್ನು ಮರೆಯಬೇಡಿ.

ನಿಧಾನಗಾಳಿ:
ಆ 'ಹೂಂ' ಹೆಚ್ಚುಕಡಿಮೆ ಹಾರ್ಡ್ ಡಿಸ್ಕ್‌ನದ್ದೇ. 7200 ಆರ್‌ಪಿಎಂ ಅಂದರೆ ಸೆಕೆಂಡಿಗೆ 120 ಸುತ್ತು, ಆ ಕಂಪನ ತಗಡಿಗೆ, ಅಲ್ಲಿಂದ ಟೇಬಲ್‌ಗೆ ಇಳಿಯುತ್ತದೆ. ಸ್ಕ್ರೂ ಮತ್ತು ತಗಡಿನ ನಡುವೆ ಮೆತ್ತನೆಯ ರಬ್ಬರ್ ವಾಷರ್ ಹಾಕಿ, ಬಿಗಿಯಾಗಿ ತಿರುಗಿಸಬೇಡಿ, ರಬ್ಬರ್ ನಜ್ಜಾದರೆ ಕಂಪನ ಮತ್ತೆ ದಾಟುತ್ತದೆ. ಡಿಸ್ಕನ್ನು ಫೋಮ್‌ನಲ್ಲಿ ಸುತ್ತುವುದು ಬೇಡ, ಬೇಯುತ್ತದೆ.

ಗಾಜು ಬಿಚ್ಚಿಯೇ ಇಡುವುದಾದರೆ ಮುಂದೆ ಜಾಲರಿ ಫಿಲ್ಟರ್ ಇರಲಿ, ಹದಿನೈದು ದಿನಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ ಹಾಕಿ. ಆಫ್ ಮಾಡಿ ಧೂಳಿಗೆ ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ಒತ್ತಿ ಹಿಡಿದಿರಿ, ಗಾಳಿಗೆ ಮಿತಿಮೀರಿ ತಿರುಗಿದರೆ ಬೇರಿಂಗ್ ಹೋಗಿ ಹೊಸ ಸದ್ದು ಶುರುವಾಗುತ್ತದೆ.