'ಸೆಕೆಂಡರಿ' ಖನಿಜಕ್ಕೆ ಕನ್ನಡ ಪದ? (ಡಯಾಪ್ಟೇಸ್ ಫಲಕಕ್ಕೆ, ತುರ್ತು)

ಎಲ್ಲರಿಗೂ ನಮಸ್ಕಾರ. ಖನಿಜ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಕಲ್ಲು ಡಯಾಪ್ಟೇಸ್. ಅಪರೂಪದ ತಾಮ್ರದ ಸಿಲಿಕೇಟ್, ಕಡು ಹಸಿರು ಹರಳು. 'ದ್ವಿತೀಯಕ ಖನಿಜ' ಎಂದು ಬರೆದೆ. ಓದಿದವರೊಬ್ಬರು "ಎರಡನೇ ದರ್ಜೆ ಮಾಲಾ?" ಎಂದರು! ನಾನು ಹೇಳಬೇಕಾದದ್ದು ಇಷ್ಟು: ಮೊದಲಿದ್ದ ತಾಮ್ರದ ಅದಿರಿಗೆ ನೆಲದ ಮೇಲ್ಪದರದಲ್ಲಿ ಗಾಳಿ, ನೀರು ತಾಗಿತು. ಕರಗಿದ ತಾಮ್ರ ಸಿಲಿಕಾ (ಮರಳಿನಲ್ಲಿರುವ ವಸ್ತು) ಜೊತೆ ಸೇರಿ ಬಿರುಕುಗಳಲ್ಲಿ ಹೊಸ ಹರಳಾಯಿತು. ಇದಕ್ಕೊಂದು ಪದ ಕೊಡಿ.

ಮರು:
'ಮರುಹುಟ್ಟು'. 'ದ್ವಿತೀಯಕ' ಬೇಡವೇ ಬೇಡ. ಅಂದ ಹಾಗೆ 'ತಾಮ್ರ'ವೂ ಸಂಸ್ಕೃತದ್ದೇ, ನಮ್ಮ ಮಾತು ಚೆಂಬು. 'ಚೆಂಬಿನ ಮರುಹುಟ್ಟು ಹರಳು' ಎಂದು ಬರೆಯಿರಿ, ಮುಗೀತು.

ಮರು:
ಚೆಂಬು ಅಂದರೆ ಜನ ನೀರು ಹುಡುಕುತ್ತಾರೆ ಸ್ವಾಮಿ. ಮರುಹುಟ್ಟು ಅಂದರೆ ಅದೇ ಕಲ್ಲು ಮತ್ತೆ ಹುಟ್ಟಿದಂತೆ. ಇಲ್ಲಿ ಹುಟ್ಟಿದ್ದು ಬೇರೆಯೇ ಅಲ್ವಾ?

ನನಗೆ ಕಾಡುವುದು ಹೆಸರು. ಗ್ರೀಕಿನ 'ದಿಯಾ' ಅಂದರೆ ತೂರಿ, ಉಳಿದದ್ದು ನೋಡುವ ಮಾತು. ಹರಳಿನೊಳಗಿನ ಸೀಳುಗಳು ಹೊರಗಿನಿಂದಲೇ ಕಾಣುತ್ತವೆ ಎಂದು ಫ್ರಾನ್ಸಿನ ಖನಿಜ ವಿಜ್ಞಾನಿ ಆಯುಯಿ 1797ರಲ್ಲಿ ಇಟ್ಟದ್ದು. ಅದಕ್ಕೂ ಮುಂಚೆ ಕಜಕಸ್ತಾನದಲ್ಲಿ ಸಿಕ್ಕಿದ್ದನ್ನು ಪಚ್ಚೆ ಎಂದೇ ನಂಬಿದ್ದರು. ಹತ್ತರವರೆಗಿನ ಮೋಸ್ ಮಾಪಕದಲ್ಲಿ ಪಚ್ಚೆಯ ಗಡಸುತನ 7.5ರಿಂದ 8, ಇದರದು ಬರೀ 5. ಚಾಕುವಿನಲ್ಲೇ ಗೀರಬಹುದು. ಹೆಸರಿನ ಅರ್ಥ ಹಿಡಿದು 'ಒಳಗಾಣ್ಕೆ ಕಲ್ಲು' ಎನ್ನೋಣ.

ಮರು:
ಕೇಳಿದ್ದು 'ಸೆಕೆಂಡರಿ'ಗೆ. ಹೆಸರೇ ಬೇಕಿದ್ದರೆ ಜರ್ಮನ್ನರು 'ತಾಮ್ರಪಚ್ಚೆ' ಎಂಬ ಅರ್ಥದ ಪದವನ್ನೇ ಬಳಸಿದ್ದಾರೆ.

ಮರು:
ತಪ್ಪು. ಪಚ್ಚೆಯಲ್ಲಿ ಇರೋದು ಬೆರಿಲಿಯಂ. ಹಳೇ ಮೋಸವನ್ನು ಹೆಸರಿಗೇ ಅಂಟಿಸಬೇಡಿ. ಡಯಾಪ್ಟೇಸ್ ಅಂತಲೇ ಇರಲಿ. ಸಿಲಿಕಾ, ಸಲ್ಫೈಡ್ ಎಲ್ಲ ಹಾಗೇ ನುಂಗಿದ್ದೀವಿ, ಇದೊಂದಕ್ಕೆ ಯಾಕೆ ಮಡಿ?

ಮರು:
ನುಂಗಿ ನುಂಗಿಯೇ ಈ ಗತಿ. 'ಪಚ್ಚೆ' ಒಂದಾದರೂ ನಮ್ಮದು, ಅದನ್ನೂ ಬೇಡ ಅಂತೀರಿ.

ಮರು:
ಎಲ್ಲರಿಗೂ ಥ್ಯಾಂಕ್ಸ್. ಪದ ಸಿಗಲಿಲ್ಲ, ವಾಕ್ಯವನ್ನೇ ಕಳಿಸಿಬಿಟ್ಟೆ: 'ಡಯಾಪ್ಟೇಸ್. ತಾಮ್ರದ ಅದಿರು ಕರಗಿದ ಮೇಲೆ ಹುಟ್ಟುವ ಖನಿಜ.' 'ಆಮೇಲಿನ ಖನಿಜ' ಅಂತಲೂ ಯೋಚಿಸಿದ್ದೆ, ಧೈರ್ಯ ಬರಲಿಲ್ಲ. ನಮೀಬಿಯಾದ ತ್ಸುಮೆಬ್ ಗಣಿಯ ಹರಳಿಗೆ ಇನ್ನೊಂದು ಫಲಕ ಬಾಕಿ ಇದೆ. ಅದರಲ್ಲಿ 'ಕ್ಲೀವೇಜ್'ಗೆ (ಹರಳು ಗೊತ್ತಾದ ಸಮತಲಗಳಲ್ಲೇ ಒಡೆಯುವ ಗುಣ) 'ಸೀಳು' ಸಾಕಾ? ದಯವಿಟ್ಟು ಹೌದು ಅಥವಾ ಇಲ್ಲ ಅಷ್ಟೇ ಹೇಳಿ.