ಅಪ್‌ಡೇಟ್: ಆ ಚಾರ್ಜರ್ ಕಾರು ಇ49 ಅಲ್ಲ
ಹೋದ ವಾರ ಅಡಿಲೇಡ್‌ನಲ್ಲಿ ಮಾರಾಟಕ್ಕಿರುವ ವೇಲಿಯಂಟ್ ಚಾರ್ಜರ್ (ಆಸ್ಟ್ರೇಲಿಯಾದ ಹಳೆಯ ಕ್ರೈಸ್ಲರ್ ಕಾರು) ನಿಜಕ್ಕೂ ಅದರ ಅಪರೂಪದ ರೇಸಿಂಗ್ ಮಾದರಿ ಇ49 ಹೌದಾ ಅಂತ ಕೇಳಿದ್ದೆನಲ್ಲ, ಅಲ್ಲವಂತೆ. ಮೂರು ವೆಬರ್ ಕಾರ್ಬ್ಯುರೇಟರ್ ಇದೆಯಾ ನೋಡಿ ಅಂದಿದ್ದಿರಿ, ಇತ್ತು, ಆದರೆ ಅದನ್ನು ಯಾರು ಬೇಕಾದರೂ ಆಮೇಲೆ ಕೂರಿಸಬಹುದು. ಗೇರ್ ಎಣಿಸಿ ಅಂದಿದ್ದೂ ಅಷ್ಟೇ. ಇ49ಕ್ಕಿಂತ ಮೊದಲು ಬಂದ ಇ38 ಮಾದರಿಗೆ ಮೂರು, ಇ49ಕ್ಕೆ ನಾಲ್ಕು ನಿಜ, ಆದರೆ ಗೇರ್‌ಬಾಕ್ಸ್ ಕೂಡ ಬದಲಾಗುತ್ತದೆ ಅಲ್ವಾ! ಸ್ಟಿಕ್ಕರ್ ಮಾತಂತೂ ಬೇಡ. ಕೊನೆಗೆ ಕೆಲಸಕ್ಕೆ ಬಂದದ್ದು ಕಾರಿನ ಗುರುತಿನ ಪ್ಲೇಟ್ ಮತ್ತು ಇಂಜಿನ್ ನಂಬರ್ ಎರಡನ್ನೂ ಉಜ್ಜಿ ಕೊಳೆ ತೆಗೆದು, ಫೋಟೋ ತೆಗೆದು, ಹಳೆಯ ಚಾರ್ಜರ್ ಇಟ್ಟುಕೊಂಡವರಿಗೆ ತೋರಿಸಿ ಅನ್ನುವ ಸಲಹೆ. ಎರಡು ನಿಮಿಷಕ್ಕೆ ಹೇಳಿಬಿಟ್ಟರು, ಇದು ಮಾಮೂಲಿ ಚಾರ್ಜರ್. ಅಸಲಿ ಇ49 ಕಟ್ಟಿದ್ದೇ 149 ಅಂತೆ! ಬೆಲೆ ಇಳಿಸಿದರೆ ಇದನ್ನೇ ತಗೊಳ್ಳುತ್ತೇನೆ, ಸದ್ದು ಮಾತ್ರ ಸಕತ್ತಾಗಿದೆ.